ಕಾಲೇಜು ಬಿಟ್ಟು ಖಾದಿ ಹಿಡಿದ ಕೋಟದ ಹುಡುಗ

ಶಿವರಾಮ ಕಾರಂತರು ಅಂದ ಕೂಡಲೇ ನಮಗೆ ನೆನಪಾಗೋದು ಕಾದಂಬರಿ, ಯಕ್ಷಗಾನ, ಜ್ಞಾನಪೀಠ, ಜೊತೆಗೆ ಆ ಬೆಳ್ಳಿ ಕೂದಲು. ಅದಕ್ಕೂ ಮೊದಲು ಅವರು ನಮ್ಮೂರ ಕಡೆಯ ಒಬ್ಬ ಕಾಂಗ್ರೆಸ್ ಕಾರ್ಯಕರ್ತ. ಐದು ವರ್ಷ! ಆ ಕಾರಂತರ ಬಗ್ಗೆ ನಾವು ಮಾತಾಡೋದೇ ಕಡಿಮೆ.

ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಕೋಟ ಈಗ ಬ್ರಹ್ಮಾವರ ತಾಲೂಕು. ಆಗ ಬೈಂದೂರಿನವರೆಗಿನ ಇಡೀ ಸೀಮೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಕುಂದಾಪುರದಲ್ಲಿ ಹೈಸ್ಕೂಲು, ಮಂಗಳೂರಲ್ಲಿ ಕಾಲೇಜು. ಗಾಂಧೀಜಿಯ ಕರೆ ಕೇಳಿ 1922ರ ಫೆಬ್ರವರಿಯಲ್ಲಿ ಕಾಲೇಜು ಬಿಟ್ಟರು.

ಆ ತಿಂಗಳನ್ನ ಸ್ವಲ್ಪ ಗಮನಿಸಿ. ಚೌರಿಚೌರಾ ಘಟನೆಯಿಂದ ನೊಂದು ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದ್ದು ಅದೇ ಫೆಬ್ರವರಿಯಲ್ಲಿ! ಓದು ಬಿಟ್ಟ ಎಷ್ಟೋ ಹುಡುಗರು ಆಮೇಲೆ ವಾಪಸ್ ಕ್ಲಾಸಿಗೆ ಹೋದರು. ಇವರು ಹೋಗಲಿಲ್ಲ. ಡಿಗ್ರಿ ಇಲ್ಲದೆ ನಮಗೆ ಕೆಲಸವೇ ಇಲ್ಲ ಅಂತ ನಂಬಿ ಇಂಜಿನಿಯರಿಂಗ್ ಮುಗಿಸಿದ ನನ್ನಂಥವನಿಗೆ ಇದು ಸಣ್ಣ ವಿಷಯ ಅನ್ನಿಸೋದಿಲ್ಲ.

1927ರವರೆಗೆ ಕಾರ್ನಾಡ್ ಸದಾಶಿವರಾಯರ ನೇತೃತ್ವದಲ್ಲಿ ಖಾದಿ, ಸ್ವದೇಶಿ ಪ್ರಚಾರ. (ಬೆಂಗಳೂರಿನ ಸದಾಶಿವನಗರ ಇದೆಯಲ್ಲ, ಅದು ಇದೇ ಸದಾಶಿವರಾಯರ ಹೆಸರು. ಮಂಗಳೂರಿನ ಈ ವಕೀಲರು ಆಸ್ತಿಯನ್ನೆಲ್ಲ ಚಳವಳಿಗೆ ಸುರಿದು 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡರು.)

ನಮ್ಮ ಕರಾವಳೀಲಿ ಖಾದಿ ಪ್ರಚಾರ ಅಂದ್ರೆ ಸುಲಭ ಅಲ್ಲ ಮಾರಾಯ್ರೆ. ಇಲ್ಲಿ ಬೆಳೆಯೋದು ಭತ್ತ, ತೆಂಗು. ಹತ್ತಿಯ ನೆಲವೇ ಅಲ್ಲ. ನಮಗೆ ರೈಲು ಬಂದದ್ದೇ 1990ರ ದಶಕದಲ್ಲಿ, ಕೊಂಕಣ ರೈಲ್ವೆಯ ಜೊತೆ. ಆಗೆಲ್ಲ ಕಾಲ್ನಡಿಗೆ, ಹೊಳೆ ಅಡ್ಡ ಬಂದರೆ ಕಡವಿನ ದೋಣಿ.

ಐದು ವರ್ಷದಿಂದ ಏನು ಸಿಕ್ಕಿತು? ಸ್ವರಾಜ್ಯವಂತೂ ಸಿಗಲಿಲ್ಲ. ಆದರೆ ಮುಂದೆ 'ಚೋಮನ ದುಡಿ'ಯಲ್ಲಿ, ಸ್ವಂತ ಬೇಸಾಯದ ಆಸೆಯನ್ನೂ ಈಡೇರಿಸಿಕೊಳ್ಳಲಾಗದ ಚೋಮನನ್ನು ಕಂಡ ಕಣ್ಣು ಈ ಓಡಾಟದಲ್ಲೇ ಪಳಗಿದ್ದು ಅಂತ ನನ್ನ ಅನಿಸಿಕೆ. ಸ್ವಾತಂತ್ರ್ಯ ಬಂದಾಗಲೂ ಅವರು ಜೈಕಾರದಲ್ಲಿ ಮೈಮರೆಯಲಿಲ್ಲ. ದೇಶಸೇವಕರ ಭ್ರಮನಿರಸನವನ್ನೇ 'ಔದಾರ್ಯದ ಉರುಳಲ್ಲಿ' ಕಾದಂಬರಿ ಮಾಡಿದರು.

ತುರ್ತುಪರಿಸ್ಥಿತಿ ಬಂದಾಗ ಪದ್ಮಭೂಷಣವನ್ನ ವಾಪಸ್ ಕೊಟ್ಟರು. ಎಪ್ಪತ್ತು ದಾಟಿದ ಮೇಲೆ ಎಲ್ಲಿಂದ ಬಂತು ಈ ಧೈರ್ಯ ಅಂತ ಕೇಳ್ತಾರೆ. ಇಪ್ಪತ್ತು ತುಂಬೋ ಮೊದಲೇ ಕಾಲೇಜು ಬಿಟ್ಟವರಿಗೆ ಬಿಡೋದು ಹೊಸತಲ್ಲ ಅಂತೀನಿ ನಾನು.

ಕಾರಂತರ ನೆನಪು ಉಳಿಯೋಕೆ ಅವರ ಪುಸ್ತಕಗಳಿವೆ. ಪುಸ್ತಕ ಬರೆಯದೆ ಖಾದಿ ಹೊತ್ತು ತಿರುಗಿದವರು? ನಿಮ್ಮ ಮನೆಯ ಹಿರಿಯರಿಗೆ ಯಾರದ್ದಾದರೂ ಹೆಸರು ನೆನಪಿದ್ದರೆ ಈಗಲೇ ಕೇಳಿ ಬರೆದಿಡಿ.