ಹುತ್ರಿದುರ್ಗದ ತಪ್ಪಲಿನಲ್ಲಿ ಗೆರೆಗಳ ಲಿಪಿ

ಕುಣಿಗಲು ತಾಲ್ಲೂಕಿನ ಹುತ್ರಿದುರ್ಗವನ್ನು ಇತಿಹಾಸಪ್ರಿಯರು ಬಲ್ಲರು. ಮಾಗಡಿಯ ಕೆಂಪೇಗೌಡರ ಮನೆತನದ ಹೆಸರಿನೊಡನೆ ಬೆಸೆದುಕೊಂಡಿರುವ ಈ ಗಿರಿದುರ್ಗವು ೧೭೯೧ನೆಯ ಇಸವಿ ಡಿಸೆಂಬರ್ ೨೪ರಂದು, ಅಂದರೆ ಸಾವನದುರ್ಗ ಬಿದ್ದ ಮೂರೇ ದಿನಕ್ಕೆ, ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು. ಆ ದಂಡಯಾತ್ರೆಯ ವೃತ್ತಾಂತವನ್ನು ಬರೆದ ಆಂಗ್ಲ ಅಧಿಕಾರಿಗಳು ಇದನ್ನು ‘ಊತ್ರದ್ರೂಗ್’ ಎಂದು ಬರೆದುಕೊಂಡರು. ಕಿವಿಗೆ ಬಿದ್ದದ್ದು ಲೇಖನಿಗೆ ಇಳಿಯುವಷ್ಟರಲ್ಲಿ ಹೆಸರು ಗುರುತು ಸಿಗದಂತಾಯಿತು. ಕೋಟೆಯ ಕಥೆಯನ್ನು ಹೇಳಲು ನಾನಿಲ್ಲಿ ಹೊರಟಿಲ್ಲ. ಒಂದು ಹೆಸರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಡದೆ ದಾಟುವುದು ಹೇಗೆ ಎಂಬ ಪ್ರಶ್ನೆ ಆ ಬೆಟ್ಟದ ಬುಡದಲ್ಲಿಯೇ ನನಗೆ ಎದುರಾಯಿತು. ಅದನ್ನು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿದೆ.

ನಮ್ಮ ಕಾಲೇಜಿನ ಸೇವಾಯೋಜನೆಯ ಶಿಬಿರ ಬೆಟ್ಟದ ಕೆಳಗಿನ ಊರೊಂದರಲ್ಲಿ ನಡೆಯಿತು. ಊರಿನ ಪುಟ್ಟ ವಾಚನಾಲಯದ ಪುಸ್ತಕಗಳಿಗೆ ಗಣಕಯಂತ್ರದ ಪಟ್ಟಿ ಮಾಡಿಕೊಡುವುದಾಗಿ ನಮ್ಮ ಹುಡುಗರು ಒಪ್ಪಿಕೊಂಡಿದ್ದರು. ಅದಕ್ಕಾಗಿ ಬಾರ್‌ಕೋಡ್ ಓದುವ ತಂತಿಯಿಲ್ಲದ ಕೈ ಸ್ಕ್ಯಾನರ್ ಒಂದನ್ನೂ ಅದರ ಪೀಠವನ್ನೂ ಕೊಂಡೊಯ್ದಿದ್ದೆವು. ಬೇಸ್ ಸ್ಟೇಷನ್ ಎನ್ನುವುದನ್ನು ನಾನು ಪೀಠವೆಂದೇ ಕರೆಯುತ್ತೇನೆ. ಅದು ಗಣಕಯಂತ್ರಕ್ಕೆ ತಂತಿಯಿಂದ ಕಟ್ಟುಬಿದ್ದು ಮೇಜಿನ ಮೇಲೆ ಅಲುಗದೆ ಕೂತಿರುತ್ತದೆ. ಸ್ಕ್ಯಾನರ್ ಮಾತ್ರ ಕಪಾಟಿನಿಂದ ಕಪಾಟಿಗೆ ಅಲೆಯುತ್ತದೆ, ಹಸಿದಾಗ ಬಂದು ಪೀಠದಲ್ಲಿ ಕೂತು ವಿದ್ಯುತ್ತನ್ನು ಉಣ್ಣುತ್ತದೆ.

ಇವೆರಡನ್ನೂ ಒಂದಕ್ಕೊಂದು ಪರಿಚಯ ಮಾಡಿಸಿದ ಬಗೆಯೇ ಸ್ವಾರಸ್ಯವಾದದ್ದು. ಪೀಠದ ಮೈಮೇಲೆ ಒಂದು ಗೆರೆಪಟ್ಟಿ ಅಂಟಿಸಿತ್ತು. ಸ್ಕ್ಯಾನರನ್ನು ಅದರ ಮುಂದೆ ಹಿಡಿದು ಗುಂಡಿಯನ್ನು ಒತ್ತಿದೊಡನೆ ಎರಡು ಸ್ವರ ಹೊರಟವು, ಸಂಬಂಧ ಕೂಡಿತು. ಮಗು ಅಕ್ಷರ ಕಲಿಯುವಾಗ ಮೊದಲು ತನ್ನ ಮನೆಯ ಹೆಸರನ್ನು ಓದಿದಂತೆ, ಈ ಯಂತ್ರವು ಮೊಟ್ಟಮೊದಲು ಓದಿದ್ದು ತನ್ನ ಪೀಠದ ಗುರುತನ್ನು.

ಈ ಗೆರೆಗಳ ಲಿಪಿ ಹುಟ್ಟಿದ್ದು ಮರಳಿನ ಮೇಲೆ. ೧೯೪೮ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಡ್ರೆಕ್ಸೆಲ್ ವಿದ್ಯಾಸಂಸ್ಥೆಗೆ ದಿನಸಿ ಅಂಗಡಿಗಳ ಒಡೆಯನೊಬ್ಬ ಬಂದು, ಸಾಮಾನಿನ ವಿವರವನ್ನು ಯಂತ್ರವೇ ಓದುವ ಉಪಾಯ ಉಂಟೇ ಎಂದು ಅಲ್ಲಿನ ಮುಖ್ಯಸ್ಥರನ್ನು ಕೇಳುತ್ತಿದ್ದ. ಬರ್ನಾರ್ಡ್ ಸಿಲ್ವರ್ ಎಂಬ ತರುಣ ಆ ಮಾತನ್ನು ಕೇಳಿಸಿಕೊಂಡು ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡನಿಗೆ ತಿಳಿಸಿದ. ವುಡ್‌ಲ್ಯಾಂಡ್ ಬಾಲ್ಯದಲ್ಲಿ ಸ್ಕೌಟ್ ಆಗಿದ್ದಾಗ ಮಾರ್ಸ್ ತಂತಿ ಸಂಕೇತವನ್ನು ಕಲಿತವನು. ಮಯಾಮಿಯ ಕಡಲ ತಡಿಯಲ್ಲಿ ಕೂತು ಮರಳಿನಲ್ಲಿ ಮಾರ್ಸ್‌ನ ಚುಕ್ಕೆಗಳನ್ನೂ ಅಡ್ಡಗೆರೆಗಳನ್ನೂ ಬರೆದ. ಬೆರಳುಗಳನ್ನು ಹಾಗೆಯೇ ಕೆಳಕ್ಕೆ ಎಳೆದ. ಚುಕ್ಕೆ ತೆಳುಗೆರೆಯಾಯಿತು, ಅಡ್ಡಗೆರೆ ದಪ್ಪಗೆರೆಯಾಯಿತು. ೧೯೫೨ರ ಅಕ್ಟೋಬರ್ ೭ರಂದು ಇಬ್ಬರಿಗೂ ಪೇಟೆಂಟ್ ದೊರಕಿತು. ಆದರೆ ಗೆರೆಯನ್ನು ಓದಲು ತಕ್ಕ ಬೆಳಕಾಗಲಿ ಅಗ್ಗದ ಗಣಕಯಂತ್ರವಾಗಲಿ ಆಗ ಇರಲಿಲ್ಲ. ೧೯೭೪ರ ಜೂನ್ ೨೬ರಂದು ಒಹಾಯೊ ಸಂಸ್ಥಾನದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಅಗಿಯುವ ಗೋಂದಿನ ಪೊಟ್ಟಣವೊಂದು ಇಂದಿನ ಮಾದರಿಯ ಗೆರೆಪಟ್ಟಿಯೊಡನೆ ಮೊದಲ ಬಾರಿಗೆ ಯಂತ್ರದ ಕಣ್ಣಿಗೆ ಬಿದ್ದಿತು. ಪೊಟ್ಟಣದ ಬೆಲೆ ೬೭ ಸೆಂಟು. ಸಿಲ್ವರ್ ಅಷ್ಟರೊಳಗೆ ತೀರಿಕೊಂಡು ಹತ್ತು ವರ್ಷಗಳಾಗಿದ್ದವು.

ಯಂತ್ರ ಓದುವುದಾದರೂ ಏನನ್ನು? ಕಪ್ಪು ಬೆಳಕನ್ನು ನುಂಗುತ್ತದೆ, ಬಿಳುಪು ಹಿಂದಕ್ಕೆ ಚಿಮ್ಮಿಸುತ್ತದೆ. ಎರಡರ ಅಗಲವನ್ನು ಅಳೆದು ಅದು ಒಂದು ಸಂಖ್ಯೆಯನ್ನು ಕಟ್ಟುತ್ತದೆ. ಓದುಗರು ತಮ್ಮ ಮನೆಯ ಹೊಸ ಕನ್ನಡ ಪುಸ್ತಕವೊಂದನ್ನು ತಿರುವಿ ನೋಡಬಹುದು: ಬೆನ್ನಿನಲ್ಲಿ ೯೭೮ರಿಂದ ಮೊದಲಾಗುವ ಹದಿಮೂರು ಅಂಕಿಗಳಿರುತ್ತವೆ. ಅವುಗಳಲ್ಲಿ ಕೊನೆಯದು ಕಾವಲುಗಾರ. ಮೊದಲ ಹನ್ನೆರಡರಲ್ಲಿ ಬೆಸಸ್ಥಾನದವನ್ನು ಹಾಗೆಯೇ, ಸಮಸ್ಥಾನದವನ್ನು ಮೂರರಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಡಮೆಯೋ ಅದೇ ಹದಿಮೂರನೆಯ ಅಂಕಿ. ನಡುವೆ ಒಂದು ಅಂಕಿ ತಪ್ಪಿದರೆ ಲೆಕ್ಕ ಕೂಡುವುದಿಲ್ಲ, ಯಂತ್ರ ಓದಲೊಲ್ಲದು.

ಇದನ್ನು ಹುಡುಗರಿಗೆ ವಿವರಿಸುತ್ತಿದ್ದಾಗ ನನಗೆ ನಗು ಬಂತು. ನಮ್ಮ ಹಳಗನ್ನಡದ ಕವಿಗಳು ಆದಿಪ್ರಾಸವನ್ನು ಕಡ್ಡಾಯವೆಂದು ಹಿಡಿದದ್ದು ಬರಿಯ ಕಿವಿಯ ಇಂಪಿಗಾಗಿಯೇ ಇರಬಹುದು. ಆದರೆ ಓಲೆಗರಿಗಳನ್ನು ಪರಿಷ್ಕರಿಸುವವರಿಗೆ ಅದು ಕಾವಲಂಕಿಯಾಗಿ ಒದಗಿದೆ. ನಾಲ್ಕು ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು; ಕಂದಪದ್ಯವಾದರೆ ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು ಮಾತ್ರೆಗಳು ತೂಗಬೇಕು. ತೂಗದಿದ್ದರೆ ಲಿಪಿಕಾರ ತೂಕಡಿಸಿದನೆಂದೇ ಅರ್ಥ. ಗದ್ಯಕ್ಕೆ ಈ ಕಾವಲಿಲ್ಲ. ಹುತ್ರಿದುರ್ಗ ಎಂಬ ಹೆಸರಿಗೂ ಇರಲಿಲ್ಲ.

ಇನ್ನು ತಂತಿಯಿಲ್ಲದ ಸಂಬಂಧದ ಮಾತು. ನಮ್ಮ ಸ್ಕ್ಯಾನರಿನದು ಬ್ಲೂಟೂತ್ ಎಂಬ ಪದ್ಧತಿ. ೧೯೯೪ರಲ್ಲಿ ಸ್ವೀಡನ್ನಿನ ಎರಿಕ್‌ಸನ್ ಸಂಸ್ಥೆಯಲ್ಲಿ ಇದರ ಕೆಲಸ ಮೊದಲಾಯಿತು. ಅಲೆಗಳು ಒಂದೇ ದಾರಿಯಲ್ಲಿ ಹರಿಯದೆ, ೭೯ ದಾರಿಗಳ ನಡುವೆ ಕ್ಷಣಕ್ಕೆ ೧,೬೦೦ ಸಲ ಜಿಗಿಯುತ್ತವೆ. ಪೀಠಕ್ಕೂ ಸ್ಕ್ಯಾನರಿಗೂ ಜಿಗಿತದ ಕ್ರಮ ಗೊತ್ತಿರುವುದರಿಂದ ನೆರೆಯ ಯಂತ್ರಗಳ ಗದ್ದಲದಲ್ಲಿಯೂ ಮಾತು ಕೆಡುವುದಿಲ್ಲ. ಇಂಥ ಜಿಗಿತದ ಒಂದು ಉಪಾಯಕ್ಕೆ ೧೯೪೨ರಲ್ಲಿಯೇ ಪೇಟೆಂಟ್ ಪಡೆದವರಲ್ಲಿ ಒಬ್ಬಳು ಹೆಡಿ ಲಮಾರ್ ಎಂಬ ಚಿತ್ರತಾರೆ, ಇನ್ನೊಬ್ಬ ಜಾರ್ಜ್ ಆಂಥೈಲ್ ಎಂಬ ಸಂಗೀತಗಾರ. ಬ್ಲೂಟೂತ್ ಎಂಬುದು ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸು ಹೆರಾಲ್ಡನ ಅಡ್ಡಹೆಸರು. ಯಂತ್ರದ ಮೇಲಿರುವ ಚಿಹ್ನೆಯು ಅವನ ಹೆಸರಿನ ಮೊದಲಕ್ಷರಗಳನ್ನು ಆ ನಾಡಿನ ಹಳೆಯ ಲಿಪಿಯಲ್ಲಿ ಹೆಣೆದದ್ದು. ಮೈಸೂರಿನ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿಯ ದನಗಳಿಗೆ ತಮ್ಮ ಹೆಸರಿನ ಮುದ್ರೆಯನ್ನು ಒತ್ತಿಸುತ್ತಿದ್ದರೆಂದು ಓದಿದ್ದ ನನಗೆ, ದೂರದೇಶದ ಅರಸನ ಮುದ್ರೆಯನ್ನು ಹೊತ್ತ ಈ ಸಾಧನ ನಮ್ಮೂರಿನ ದನದಂತೆಯೇ ಕಂಡಿತು. ಇದರ ಮೇವುಗಾವಲು ಮಾತ್ರ ಕಿರಿದು. ಸುಮಾರು ಹತ್ತು ಮೀಟರಿನ ಆಚೆಗೆ ಹೋದರೆ, ಅಥವಾ ನಡುವೆ ಕಲ್ಲುಗೋಡೆ ಬಂದರೆ, ಕೀರಲು ದನಿಯಲ್ಲಿ ದೂರುತ್ತದೆ. ತುಂಟ ಹುಡುಗನೊಬ್ಬ ಅದನ್ನು ಹಿಡಿದು ಬೆಟ್ಟದ ಮೊದಲ ಬಾಗಿಲಿನವರೆಗೂ ಹೋಗಿಬಂದ. ಅಲ್ಲಿ ಅದು ಬರಿಯ ಕೆಂಪು ದೀಪ.

ಎಲ್ಲ ಸರಿಯಾಯಿತೆಂದುಕೊಂಡು ಮೊದಲ ಪುಸ್ತಕಕ್ಕೆ ಬೆಳಕು ಹಾಯಿಸಿದೆವು. ಹುಡುಗರು ಕುಣಿಗಲಿನ ನೆನಪಿಗೆ ‘ಕೆಜಿ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳನ್ನು ಸಂಖ್ಯೆಯ ಮುಂದೆ ಅಚ್ಚುಮಾಡಿಸಿದ್ದರು. ತೆರೆಯ ಮೇಲೆ ಮೂಡಿದ್ದು ‘ಖಘ’! ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಸ್ಕ್ಯಾನರು ಗಣಕಯಂತ್ರದ ಮುಂದೆ ಕೀಲಿಮಣೆಯ ವೇಷದಲ್ಲಿ ನಿಲ್ಲುತ್ತದೆ. ಓದಿದ್ದನ್ನು ಬೆರಳಚ್ಚು ಮಾಡಿದಂತೆ ಒಪ್ಪಿಸುತ್ತದೆ. ಪುಸ್ತಕದ ಹೆಸರುಗಳನ್ನು ತುಂಬಲೆಂದು ನಾನೇ ಕೆ. ಪಿ. ರಾಯರ ವಿನ್ಯಾಸದ ಕನ್ನಡ ಕೀಲಿಮಣೆಯನ್ನು ಚಾಲೂ ಮಾಡಿ ಮರೆತಿದ್ದೆ. ದೊಡ್ಡಕ್ಷರಗಳೆಲ್ಲ ಮಹಾಪ್ರಾಣಗಳಾಗಿಬಿಟ್ಟಿದ್ದವು. ಇಂಗ್ಲಿಷಿಗೆ ಬದಲಿಸಿದೊಡನೆ ಸರಿಹೋಯಿತು.

ತಾಲ್ಲೂಕಿನ ಹೆಸರನ್ನು ಮೊಟಕುಮಾಡಿ ಸಂಖ್ಯೆ ಕೊಡುವ ಈ ಕ್ರಮ ಕನ್ನಡದ ಓದುಗನಿಗೆ ಹೊಸದಲ್ಲ. ಬಿ. ಎಲ್. ರೈಸರು ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೆರಡನೆಯ ಸಂಪುಟವಾಗಿ ತುಮಕೂರು ಜಿಲ್ಲೆಯ ಶಾಸನಗಳನ್ನು ೧೯೦೪ರಲ್ಲಿ ಪ್ರಕಟಿಸಿದಾಗ ಪ್ರತಿ ತಾಲ್ಲೂಕಿಗೂ ಬೇರೆ ಅಂಕಿಮಾಲೆ ಕೊಟ್ಟರು. ಕಲ್ಲು ಹೊಲದಲ್ಲಿ, ಸಂಖ್ಯೆ ಪುಸ್ತಕದಲ್ಲಿ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯವರು ೧೯೭೦ರ ದಶಕದಿಂದ ಪರಿಷ್ಕೃತ ಸಂಪುಟಗಳನ್ನು ತಂದಾಗ ಸಂಖ್ಯೆಗಳು ಬದಲಾದವು. ಆದರೆ ಆ ವಿದ್ವಾಂಸರು ರೈಸರ ಹಳೆಯ ಸಂಖ್ಯೆಯನ್ನೂ ಜೊತೆಗೆ ಕೊಟ್ಟರು. ಕೊಡದಿದ್ದರೆ, ಅದುವರೆಗಿನ ಎಲ್ಲ ಪ್ರಬಂಧಗಳ ಅಡಿಟಿಪ್ಪಣಿಗಳೂ ದಿಕ್ಕುಗೆಡುತ್ತಿದ್ದವು.

ನಾವು ಆ ಎಚ್ಚರ ತೋರಿರಲಿಲ್ಲ. ಒಂದರಿಂದ ಹೊಸದಾಗಿ ಸಂಖ್ಯೆ ಹಾಕಿ, ವಾಚನಾಲಯದ ಹಳೆಯ ಅಕ್ಸೆಷನ್ ರಿಜಿಸ್ಟರನ್ನು ರದ್ದಿಯ ಕಟ್ಟಿನ ಮೇಲಿಟ್ಟಿದ್ದೆವು. ಎರಡನೆಯ ದಿನ ಮಧ್ಯಾಹ್ನ ಊರಿನ ಹಿರಿಯರೊಬ್ಬರು ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಮೇಷ್ಟ್ರೇ, ನಮ್ಮಪ್ಪ ಇಲ್ಲಿಗೆ ನಾಕು ಪುಸ್ತಕ ಕೊಟ್ಟಿದ್ರು. ಅವು ಯಾವು ಅಂತ ಈ ಮಿಷನ್ ಹೇಳ್ತದಾ?”

ಹೇಳಲಿಲ್ಲ. ಗೆರೆಯಲ್ಲಿರುವುದು ಸಂಖ್ಯೆ ಮಾತ್ರ. ಮಿಕ್ಕದ್ದೆಲ್ಲ ನಾವು ಪಟ್ಟಿಯಲ್ಲಿ ತುಂಬಿದಷ್ಟೆ. ನಾವು ತುಂಬಿದ್ದು ಹೆಸರು, ಕರ್ತೃ, ಬೆಲೆ.

“ಸ್ವಲ್ಪ ಕೂತ್ಕೊಳ್ಳಿ ಯಜಮಾನ್ರೇ” ಎಂದು ರದ್ದಿಯ ಮೇಲಿನಿಂದ ರಿಜಿಸ್ಟರನ್ನು ಎತ್ತಿ ತಂದೆ. ನೀಲಿ ಶಾಯಿಯ ದುಂಡು ಬರಹ. ಷರಾ ಎಂಬ ಅಂಕಣದಲ್ಲಿ ‘ಮಳೆಯಲ್ಲಿ ನೆನೆದಿದೆ’, ‘ಕೊನೆಯ ಹಾಳೆ ಇಲ್ಲ’, ‘ತಾಯಿಯ ನೆನಪಿಗೆ ಕೊಟ್ಟದ್ದು’ ಎಂದೆಲ್ಲ ಇತ್ತು. ಅವರ ತಂದೆಯ ಹೆಸರು ಹತ್ತೊಂಬತ್ತನೆಯ ಪುಟದಲ್ಲಿ ಸಿಕ್ಕಿತು. ನಾಲ್ಕಲ್ಲ, ಮೂರು ಪುಸ್ತಕ.

ಅಂದಿನ ಸಂಜೆಯೇ ಪಟ್ಟಿಗೆ ಹಳೆಯ ಸಂಖ್ಯೆ, ದಾನಿ, ಷರಾ ಎಂಬ ಮೂರು ಅಂಕಣಗಳನ್ನು ಸೇರಿಸಿದೆವು. ಮಾಡಿದ್ದನ್ನೆಲ್ಲ ಮತ್ತೆ ಮಾಡಬೇಕಾಯಿತು. ಹುಡುಗರು ಗೊಣಗಿದರು, ಶಿಬಿರ ಎರಡು ದಿನ ಬೆಳೆಯಿತು. ರಿಜಿಸ್ಟರಿಗೂ ಒಂದು ಗೆರೆಪಟ್ಟಿ ಅಂಟಿಸಿ ಕಪಾಟಿನಲ್ಲಿಟ್ಟೆವು. ಯಜಮಾನರು ಮೂರರಲ್ಲಿ ಒಂದು ಪುಸ್ತಕವನ್ನು ಮನೆಗೆ ಒಯ್ಯಲು ಕೇಳಿದರು. ಹುಡುಗ ಬೆಳಕು ಹಾಯಿಸಿದ; ಪೀಠ ಒಮ್ಮೆ ಮಿನುಗಿತು; ತೆರೆಯ ಮೇಲೆ ಅವರ ತಂದೆಯ ಹೆಸರು ಬಂತು.

“ಇನ್ನೊಂದ್ಸಲ ಒತ್ತಪ್ಪಾ” ಎಂದರು.