ಅಳಿಸಿಹೋದ ಹಾಡುಗಳು, ಉಳಿಸೋ ದಾರಿಗಳು



ಹೋದ ಭಾನುವಾರ ಮಗಳು ಲ್ಯಾಪ್‌ಟಾಪಲ್ಲಿ ಜಾಗ ಸಾಲ್ತಿಲ್ಲ ಅಂತ 'ಹಾಡು' ಅನ್ನೋ ಫೋಲ್ಡರ್ ಅಳಿಸಿದಳು. ಸ್ವಲ್ಪ ಹೊತ್ತಲ್ಲೇ ನನ್ನ ಕಂಪ್ಯೂಟರಿನಲ್ಲೂ ಅದು ಮಾಯ! ತಪ್ಪು ಅವಳದ್ದಲ್ಲ, ನಂದು. ಒಂದರಲ್ಲಿ ಇರೋದು ಇನ್ನೊಂದರಲ್ಲೂ ಇರಲಿ ಅಂತ ಮನೆಯ ವೈಫೈನಲ್ಲಿ ಎರಡನ್ನೂ ಜೋಡಿಸಿದ್ದು ನಾನೇ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತೆ ಅನ್ನೋದು ಹೊಳೆದಿರಲಿಲ್ಲ.

ಆ ಫೋಲ್ಡರಿನಲ್ಲಿ ಇದ್ದದ್ದು ಸಿನಿಮಾ ಹಾಡಲ್ಲ. ಜಾಥಾ, ಧರಣಿ, ಕೇರಿಯ ಸಭೆಗಳಲ್ಲಿ ತುಂಬಿಸಿಕೊಂಡ 41 ಕ್ಯಾಸೆಟ್‌ಗಳ ಹಾಡು.

ಇದರ ಹಿಂದೆ ಒಂದು ಚರಿತ್ರೆ ಇದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದರು. ಯಾರ ದನಿ ಉಳೀಬೇಕು ಅನ್ನೋದನ್ನ ಆಗ ಕಂಪನಿ ತೀರ್ಮಾನಿಸುತ್ತಿತ್ತು. ನಮ್ಮ ಕೇರಿಯ ದನಿಗೆ ಆ ಬಾಗಿಲು ತೆರೆದದ್ದು ಅಪರೂಪ. 1963ರಲ್ಲಿ ಫಿಲಿಪ್ಸ್ ಕಂಪನಿ ಸಣ್ಣ ಕ್ಯಾಸೆಟ್ ತಂತು. 80ರ ದಶಕದ ಹೊತ್ತಿಗೆ ಅದು ನಮ್ಮಂಥವರ ಕೈಗೂ ಬಂತು. 1973ರ ಬೂಸಾ ಗಲಾಟೆಯ ನಂತರ ದಲಿತ ಸಂಘರ್ಷ ಸಮಿತಿ ಬೆಳೆದಾಗ ಹಾಡುಗಳೂ ಜೊತೆಗೇ ಬೆಳೆದವು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲೇ ಅಚ್ಚಾಯ್ತು. ಆದರೆ ಊರೂರಿನಲ್ಲಿ ತಮಟೆ ಹಿಡಿದು ಸ್ವಂತ ಹಾಡು ಕಟ್ಟಿದ ಎಷ್ಟೋ ಹಿರಿಯರದ್ದು ಪುಸ್ತಕಕ್ಕೆ ಬರಲೇ ಇಲ್ಲ. ಬಾಯಲ್ಲಿ ಉಳೀತು, ಇಲ್ಲಾಂದ್ರೆ ಕ್ಯಾಸೆಟ್ಟಲ್ಲಿ ಉಳೀತು.

ದೊಡ್ಡವರ ಹತ್ತಿರ ಇಟ್ಟರೆ ಭದ್ರ ಅಂತ ತಿಳೀಬೇಡಿ. 2008ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಗೆ ಬೆಂಕಿ ಬಿದ್ದು ಮೂಲ ಟೇಪುಗಳೇ ಸುಟ್ಟುಹೋದವು. ಜನ ಹನ್ನೆರಡು ವರ್ಷ ಹಾಕಿದ್ದ ಹಾಡುಗಳನ್ನ ಸರ್ವರ್ ಬದಲಿಸುವಾಗ ಕಳಕೊಂಡೆವು ಅಂತ ಮೈಸ್ಪೇಸ್ 2019ರಲ್ಲಿ ಒಪ್ಪಿಕೊಂಡಿತು.

ಹಾಗಾದ್ರೆ ದಾರಿ ಏನು? ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋ ಹೇಳಿದ ಲೆಕ್ಕ ಸರಳ: 3 ಪ್ರತಿ, 2 ಬಗೆಯ ಸಾಧನ, 1 ಪ್ರತಿ ಬೇರೆ ಜಾಗದಲ್ಲಿ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಕೊಟ್ಟ 'ಆರ್‌ಸಿಂಕ್' ಅನ್ನೋ ಉಚಿತ ತಂತ್ರಾಂಶ ಈ ಕೆಲಸಕ್ಕೆ ಚೆನ್ನಾಗಿದೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ, ಬದಲಾದದ್ದನ್ನ ಮಾತ್ರ ಸಾಗಿಸುತ್ತೆ. ಅಳಿಸು ಅಂತ ನಾವು ಬೇರೆಯಾಗಿ ಹೇಳದಿದ್ರೆ ಆ ಕಡೆ ಇರೋದನ್ನ ಅಳಿಸಲ್ಲ. ಈಗ ಗುಜರಿಗೆ ಹಾಕಬೇಕಿದ್ದ ಹಳೇ ಕಂಪ್ಯೂಟರನ್ನ ಮೂಲೇಲಿಟ್ಟು ರೂಟರಿಗೆ ಕೇಬಲ್ ಹಾಕಿದ್ದೀನಿ. ದಿನಾ ರಾತ್ರಿ ಹಾಡುಗಳು ಅದಕ್ಕೆ ಹೋಗ್ತವೆ, ಅಲ್ಲಿಂದ ವಾಪಸ್ ಬರಲ್ಲ. ಮೂರನೇ ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಬೇರೆ ಊರಿನ ಸಂಗಾತಿ ಮನೇಲಿ.

ಆ ಸಂಗಾತಿಯಿಂದಲೇ ನಾನು ಬಚಾವಾದೆ. ಏಪ್ರಿಲ್ 14ರ ಕಾರ್ಯಕ್ರಮಕ್ಕೆ ಅಂತ ಅವರಿಗೆ ಕೊಟ್ಟಿದ್ದ 38 ಕ್ಯಾಸೆಟ್ಟಿನ ಹಾಡು ವಾಪಸ್ ಸಿಕ್ತು. ಆಮೇಲೆ ತುಂಬಿಸಿದ ಮೂರರಲ್ಲಿ ಎರಡನ್ನ ಮತ್ತೆ ಟೇಪ್ ಹಾಕಿ, ಗಂಟೆಗಟ್ಟಲೆ ಕೂತು ತುಂಬಿಸಿದೆ. ಮೂರನೇದು ಬೂಷ್ಟು ಹಿಡಿದಿತ್ತು, ತಿರುಗಿಸುವಾಗಲೇ ತುಂಡಾಯ್ತು. ಅದರಲ್ಲಿ ಇದ್ದದ್ದು ನಮ್ಮ ಕೇರಿಯ ಹಿರಿಯರೊಬ್ಬರು ಗೋಮಾಳದ ಭೂಮಿಗಾಗಿ ಕಟ್ಟಿದ ಹಾಡು. ಅವರು ಈಗಿಲ್ಲ. ನನಗೆ ಪಲ್ಲವಿ ನೆನಪಿದೆ, ಚರಣ ನೆನಪಿಲ್ಲ. ಅವರ ಮಗನಿಗೂ ಇಲ್ಲ.

ಅಟ್ಟದ ಮೇಲೆ, ಟ್ರಂಕಿನಲ್ಲಿ ಹೋರಾಟದ ಹಳೇ ಕ್ಯಾಸೆಟ್ ಇದ್ದರೆ ದಯವಿಟ್ಟು ಎಸೀಬೇಡಿ. ನನಗೆ ತಿಳಿಸಿ, ಟೇಪ್ ರೆಕಾರ್ಡರ್ ಹೊತ್ಕೊಂಡು ನಾನೇ ಬರ್ತೀನಿ. ಒಂದು ಪ್ರತಿ ನಿಮಗೆ, ಒಂದು ನನಗೆ, ಒಂದು ಇನ್ನೊಬ್ಬರಿಗೆ.

ಜೈ ಭೀಮ್.