ವ್ಯೋಮಯಾನದಲ್ಲಿ ಬುತ್ತಿಯೂ ಬೀಜವೂ

ನಂದಿಕೂರಿಗೆ ಅನತಿದೂರದಲ್ಲಿ ಅದಮಾರು ಎಂಬ ಗ್ರಾಮವಿದೆ. ಉಡುಪಿಯ ಅಷ್ಟಮಠಗಳಲ್ಲೊಂದು ಈ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1932ನೆಯ ಇಸವಿ ಮಾರ್ಚ್ 10ರಂದು ಉಡುಪಿ ರಾಮಚಂದ್ರರಾಯರು ಇಲ್ಲಿಯೇ ಜನಿಸಿದರು. ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಿತವಾದ ‘ಆರ್ಯಭಟ’ವು 1975ನೆಯ ಏಪ್ರಿಲ್ 19ರಂದು ಸೋವಿಯತ್ ದೇಶದ ನೆಲದಿಂದ ಗಗನಕ್ಕೇರಿತು. 360 ಕಿಲೋಗ್ರಾಂ ತೂಕದ ಆ ಉಪಗ್ರಹಕ್ಕೆ ಬಿಸಿಲಿನಿಂದ ದೊರೆಯುವ ವಿದ್ಯುತ್ತೇ ಸಾಕಾಗಿದ್ದಿತು. ಅದಕ್ಕೆ ಹಸಿವಿಲ್ಲ, ಉಸಿರಿಲ್ಲ. ಮನುಷ್ಯನನ್ನೇ ಅಲ್ಲಿಗೆ ಕಳುಹಿಸುವುದಾದರೆ ಮಾತೇ ಬೇರೆ. ಆತನಿಗೆ ದಿನವೊಂದಕ್ಕೆ ಸುಮಾರು 840 ಗ್ರಾಂ ಆಮ್ಲಜನಕವು ಬೇಕು. ನೀರು ಬೇಕು, ಅನ್ನ ಬೇಕು. ಆತನು ಹೊರಬಿಡುವ ಇಂಗಾಲಾಮ್ಲ ವಾಯುವನ್ನು ನಿವಾರಿಸಲೂ ಬೇಕು. ಇವೆಲ್ಲವನ್ನೂ ಸಸ್ಯಗಳ ಸಹಾಯದಿಂದಲೇ ನೆರವೇರಿಸಲು ಸಾಧ್ಯವೇ?

ಈ ಪ್ರಶ್ನೆಯ ಮೂಲವು ವ್ಯೋಮಯಾನಕ್ಕಿಂತಲೂ ಬಹಳ ಹಳೆಯದು. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಎಂಬ ಪಂಡಿತನು, ಮೋಂಬತ್ತಿಯು ಉರಿದು ನಂದಿದ ಮುಚ್ಚಿದ ಗಾಳಿಯಲ್ಲಿ ಪುದೀನದ ಟಿಸಿಲೊಂದನ್ನಿರಿಸಿದನು. ಕೆಲವು ದಿನಗಳ ತರುವಾಯ ಅದೇ ಗಾಳಿಯಲ್ಲಿ ದೀಪವು ಮತ್ತೆ ಉರಿಯಿತು. ಕೆಟ್ಟ ಗಾಳಿಯನ್ನು ಗಿಡವು ಸರಿಪಡಿಸುವುದೆಂದು ಹೀಗೆ ತಿಳಿದುಬಂದಿತು. ಅದಕ್ಕೆ ಹಸುರೂ ಬಿಸಿಲೂ ಅವಶ್ಯವೆಂಬುದನ್ನು 1779ರಲ್ಲಿ ಯಾನ್ ಇಂಗೆನ್‌ಹೌಸ್ ತೋರಿಸಿಕೊಟ್ಟನು.

ಈ ತತ್ತ್ವವನ್ನೇ ಸೋವಿಯತ್ ವಿಜ್ಞಾನಿಗಳು ಮನುಷ್ಯರ ಮೇಲೆ ಪ್ರಯೋಗಿಸಿದರು. ಸೈಬೀರಿಯದ ಕ್ರಾಸ್ನೊಯಾರ್ಸ್ಕ್ ನಗರದಲ್ಲಿ ‘ಬಯೋಸ್-3’ ಎಂಬ, 315 ಘನಮೀಟರ್ ಒಳ ಅವಕಾಶವುಳ್ಳ ಮುಚ್ಚಿದ ಮನೆಯನ್ನು ಕಟ್ಟಿದರು. 1972ರ ಕೊನೆಯಿಂದ 1973ರ ನಡುವಿನವರೆಗೆ 180 ದಿನಗಳ ಪರ್ಯಂತ ಅದರಲ್ಲಿ ಪ್ರಯೋಗವು ನಡೆಯಿತು. ಒಳಗಿದ್ದವರ ಉಸಿರಿಗೆ ಗೋಧಿಯೂ ಕಾಯಿಪಲ್ಯಗಳೂ ಪಾಚಿಯೂ ಆಧಾರವಾದುವು. ಆದರೂ ಆಹಾರದ ಒಂದು ಭಾಗವನ್ನು ಹೊರಗಿನಿಂದಲೇ ಒಯ್ಯಬೇಕಾಯಿತು.

ಅಮೆರಿಕದ ಅರಿಜೋನದಲ್ಲಿ ನಡೆದ ಪ್ರಯೋಗವು ಇನ್ನೂ ದೊಡ್ಡದು. 1991ನೆಯ ಸೆಪ್ಟೆಂಬರ್ 26ರಂದು ಎಂಟು ಮಂದಿ ‘ಬಯೋಸ್ಫಿಯರ್-2’ ಎಂಬ ಗಾಜಿನ ಸೌಧವನ್ನು ಹೊಕ್ಕು ಎರಡು ವರ್ಷ ವಾಸಿಸಿದರು. ಅಲ್ಲಿ ಹೊಲವಿದ್ದಿತು, ಕಾಡಿದ್ದಿತು, ಸಣ್ಣದೊಂದು ಸಾಗರವೂ ಇದ್ದಿತು. ಆದರೆ ಗಾಳಿಯಲ್ಲಿ ನೂರಕ್ಕೆ ಸುಮಾರು 21ರಷ್ಟಿರಬೇಕಾದ ಆಮ್ಲಜನಕವು ದಿನೇ ದಿನೇ ಕುಗ್ಗಿ 14ರ ಸಮೀಪಕ್ಕಿಳಿಯಿತು. ಫಲವತ್ತಾದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಹೀರುತ್ತಿದ್ದುವು. ಅವು ಬಿಟ್ಟ ಇಂಗಾಲಾಮ್ಲವು ಗಿಡಗಳಿಗೆ ದೊರೆಯುವ ಮೊದಲೇ ಕಟ್ಟಡದ ಕಾಂಕ್ರೀಟು ಅದನ್ನು ನುಂಗುತ್ತಿದ್ದಿತು. ಕೊನೆಗೆ 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕವನ್ನು ತುಂಬದೆ ಗತ್ಯಂತರವಿಲ್ಲವಾಯಿತು. ಕಣ್ಣಿಗೆ ಕಾಣದ ಜೀವಿಗಳನ್ನು ಲೆಕ್ಕಕ್ಕೆ ತರದಿದ್ದುದರ ಫಲವಿದು.

ಹಾಗಾದರೆ ಯಂತ್ರಗಳನ್ನೇ ನಂಬಬಾರದೇಕೆ? ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನೀರನ್ನು ವಿಭಜಿಸಿ ಆಮ್ಲಜನಕವನ್ನು ಪಡೆಯುತ್ತಾರೆ. ಬಳಸಿದ ನೀರಿನಲ್ಲಿ ನೂರಕ್ಕೆ 98 ಪಾಲನ್ನು ಮರಳಿ ಶುದ್ಧಗೊಳಿಸುವ ಸಾಮರ್ಥ್ಯವನ್ನು 2023ರಲ್ಲಿ ಸಾಧಿಸಿದರು. ಆದರೆ ಆ ಯಂತ್ರಗಳಿಂದ ಅನ್ನವು ಹುಟ್ಟುವುದಿಲ್ಲ. ಅದಕ್ಕೆ ಬುತ್ತಿಯೇ ಗತಿ. ಕನ್ನಡ ನಾಡಿನ ಮೊದಲ ಸೇವೆಯು ಬುತ್ತಿಯ ರೂಪದಲ್ಲಿಯೇ ಸಂದಿತು. 1961ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯವು 1984ರಲ್ಲಿ ರಾಕೇಶ ಶರ್ಮರ ಯಾತ್ರೆಗಾಗಿ ಭಾರತೀಯ ತಿನಿಸುಗಳನ್ನು ಸಿದ್ಧಪಡಿಸಿತು. ಎಂಟು ದಿನಗಳ ಪ್ರಯಾಣಕ್ಕೆ ಬುತ್ತಿಯು ಸಾಕು. ಮಂಗಳಗ್ರಹಕ್ಕೆ ಹೋಗಿಬರಲು ಎರಡು ವರ್ಷಗಳಿಗೂ ಮಿಕ್ಕಿ ಕಾಲವು ಹಿಡಿಯುವುದಾದರೆ, ಬೀಜವನ್ನೇ ಒಯ್ದು ಬೆಳೆಯುವ ಯೋಚನೆಯು ಅನಿವಾರ್ಯವಾಗುತ್ತದೆ.

ಭಾರತದಲ್ಲಿ ಆ ಯೋಚನೆಯು ಈಗಷ್ಟೇ ಮೊಳೆತಿದೆ. 2024ನೆಯ ಡಿಸೆಂಬರ್ 30ರಂದು ಶ್ರೀಹರಿಕೋಟೆಯಿಂದ ಹೊರಟ ಉಡಾವಣಾ ವಾಹನದಲ್ಲಿ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರದವರು ಎಂಟು ಅಲಸಂಡೆ ಬೀಜಗಳನ್ನಿರಿಸಿದ್ದರು. ಅವು ನಾಲ್ಕು ದಿನಗಳಲ್ಲಿ ಮೊಳೆತು, ತರುವಾಯ ಎಲೆಯನ್ನೂ ತೋರಿದುವು. 2025ರ ಜೂನ್ 25ರಂದು ಹೊರಟ ಶುಭಾಂಶು ಶುಕ್ಲರ ಸಂಗಡ ಧಾರವಾಡದಿಂದ ಹೆಸರುಕಾಳೂ ಮೆಂತೆಯೂ ನಿಲ್ದಾಣಕ್ಕೆ ಹೋದುವು. ಇದು ಧಾರವಾಡ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿಯವರೂ ಅಲ್ಲಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸುಧೀರ್ ಸಿದ್ದಾಪುರೆಡ್ಡಿಯವರೂ ಯೋಜಿಸಿದ ಪ್ರಯೋಗ. ಶುಕ್ಲರು ನೀರೆರೆದು ಮೊಳೆಯಿಸಿ, ಮೊಳಕೆಗಳನ್ನು ಶೀತಲಪೆಟ್ಟಿಗೆಯಲ್ಲಿ ಕಾಯ್ದಿರಿಸಿದರು. ಭಾರವೇ ತೋರದ ಆ ಸ್ಥಳದಲ್ಲಿ ಮೊಳೆತ ಕಾಳಿನ ಪೋಷಕಾಂಶಗಳಲ್ಲಿಯೂ ಅದರಲ್ಲಿರುವ ಸೂಕ್ಷ್ಮಜೀವಿಗಳಲ್ಲಿಯೂ ವ್ಯತ್ಯಾಸವುಂಟೇ ಎಂಬುದನ್ನು ಅರಿಯುವುದು ಇದರ ಉದ್ದೇಶ.

ಒಂದು ಹಿಡಿ ಮೊಳಕೆಯಿಂದ ಯಾತ್ರಿಕನ ಹೊಟ್ಟೆಯು ತುಂಬದು, ಉಸಿರಂತೂ ನಡೆಯದು. ಕಾಳು ಗಿಡವಾಗಿ, ಹೂತು, ಕಾಯಾಗಿ, ಮರಳಿ ಬೀಜವಾಗುವ ಚಕ್ರವು ಅಲ್ಲಿ ತಪ್ಪದೆ ಸುತ್ತಬೇಕು. ಅದರೊಡನೆ ಗಾಳಿ ನೀರುಗಳ ಲೆಕ್ಕವೂ ಗ್ರಾಂ ಗ್ರಾಮಿಗೆ ಸರಿಹೊಂದಬೇಕು. ಕರಾವಳಿಯ ಗದ್ದೆಗಳಲ್ಲಿ ಭತ್ತದ ಕೊಯ್ಲು ತೀರಿದ ಮೇಲೆ, ಉಳಿದ ತೇವದಲ್ಲಿಯೇ ಉದ್ದೂ ಹೆಸರೂ ಬೆಳೆಯುತ್ತವೆ. ಅಲ್ಲಿ ಯಾರೂ ಗಾಳಿಯನ್ನು ತೂಗಿ ನೋಡುವುದಿಲ್ಲ. ಅರಿಜೋನದ ಗಾಜಿನ ಮನೆಯಲ್ಲಿ ಎಂಟು ಮಂದಿಗೆ ಎರಡು ವರ್ಷ ಒದಗದ ಗಾಳಿಯು ನಂದಿಕೂರಿನ ಗದ್ದೆಯ ಬದುವಿನಲ್ಲಿ ನಿಂತವನಿಗೆ ಕೇಳದೆಯೇ ದೊರೆಯುತ್ತಿದೆ.